ಕಾಣದ ಕಿರಣ, ಕತ್ತರಿಸುವ ಕಿರಣ

ತೆಳುವಾದ ಮರದ ಹಲಗೆಯಲ್ಲಿ ಹೂಬಳ್ಳಿಯೊಂದನ್ನು ಕೊರೆದು ತೆಗೆಯಬೇಕಾದರೆ ಹಿಂದೆ ಸಣ್ಣ ಗರಗಸವೂ ದೊಡ್ಡ ತಾಳ್ಮೆಯೂ ಬೇಕಾಗಿದ್ದವು. ಇಂದು ಆ ಕೆಲಸವನ್ನು ಕಣ್ಣಿಗೆ ಕಾಣದ ಕಿರಣವೊಂದು ಕೆಲವೇ ನಿಮಿಷಗಳಲ್ಲಿ ಮಾಡಿ ಮುಗಿಸುತ್ತದೆ. ಕಾರ್ಖಾನೆಯ ಸೊತ್ತಾಗಿದ್ದ ಲೇಸರ್ ಯಂತ್ರವು ಹವ್ಯಾಸಿಯ ಮೇಜನ್ನೇರಿ ಕುಳಿತಿದೆ. ಬಂದ ಅತಿಥಿಯ ಗುಣಸ್ವಭಾವಗಳನ್ನು ಅರಿತುಕೊಳ್ಳುವುದು ಮನೆಯವರ ಮೊದಲ ಕೆಲಸವಲ್ಲವೆ?

ಬಾರಾಮತಿಯಿಂದ ಬೆಲ್ ಪ್ರಯೋಗಶಾಲೆಗೆ

1960ರಲ್ಲಿ ಥಿಯೊಡೋರ್ ಮೈಮನ್ ಎಂಬ ಅಮೆರಿಕದ ವಿಜ್ಞಾನಿಯು ಮಾಣಿಕ್ಯದ ಹರಳಿನಿಂದ ಪ್ರಪ್ರಥಮ ಲೇಸರ್ ಕಿರಣವನ್ನು ಹೊಮ್ಮಿಸಿದನು. ಇಂಗಾಲದ ಡೈಆಕ್ಸೈಡ್ ಅನಿಲದಿಂದ ಲೇಸರನ್ನು ಪಡೆದ ಕೀರ್ತಿಯಾದರೋ ನಮ್ಮ ದೇಶದಲ್ಲಿ ಹುಟ್ಟಿದವರದು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿ ಪುಣೆಯಲ್ಲಿ ಓದಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಇದನ್ನು ಸಾಧಿಸಿದರು. ಹವ್ಯಾಸಿಗಳು ‘ಕೆ-40’ ಎಂದು ಕರೆಯುವ ಅಗ್ಗದ ಚೀನೀ ಯಂತ್ರದ ಹೃದಯವೂ ಅದೇ ತತ್ತ್ವದ ಗಾಜಿನ ಕೊಳವೆ. ಅದರ ಹೆಸರಿನ ಶಕ್ತಿ 40 ವ್ಯಾಟ್. ಕೆಲಸದ ಅಂಗಳ ಸುಮಾರು 300 ಮಿಲಿಮೀಟರ್ ಉದ್ದ, 200 ಮಿಲಿಮೀಟರ್ ಅಗಲ. ಕೊಳವೆಯಿಂದ ಹೊರಟ ಕಿರಣವು ಮೂರು ಕನ್ನಡಿಗಳಲ್ಲಿ ಪ್ರತಿಫಲಿಸಿ, ಮಸೂರದ ಮೂಲಕ ಸೂಜಿಮೊನೆಯಷ್ಟು ಜಾಗದಲ್ಲಿ ಕೇಂದ್ರೀಕೃತವಾಗಿ ಮರವನ್ನು ಸುಟ್ಟು ಸೀಳುತ್ತದೆ.

ಮೊದಲು ರಕ್ಷಣೆ, ಆಮೇಲೆ ಸೊಗಸು

ಅಗ್ಗದ ಯಂತ್ರವನ್ನು ಉತ್ತಮಪಡಿಸಲು ಹೊರಟವರು ಮೊದಲಿಗೇ ಹೊಸ ನಿಯಂತ್ರಕ ಫಲಕವನ್ನು ಕೊಳ್ಳಲು ಧಾವಿಸುತ್ತಾರೆ. ಅದು ಕೊನೆಯ ಮಾತು. ಮೊದಲನೆಯದು ಭೂಸಂಪರ್ಕ. ಕೊಳವೆಗೆ ಹರಿಯುವ ವಿದ್ಯುತ್ತು ಸಾವಿರಾರು ವೋಲ್ಟುಗಳದು. ಗುಂಡಿ ಆರಿಸಿದ ಮೇಲೂ ಅದರ ಅಂಶ ಒಳಗೆ ಉಳಿದಿರಬಹುದು. ಆದುದರಿಂದ ಪೆಟ್ಟಿಗೆಯ ಲೋಹಕ್ಕೆ ಸರಿಯಾದ ‘ಅರ್ತಿಂಗ್’ ಇದೆಯೇ ಎಂಬುದನ್ನು ಬಲ್ಲ ವಿದ್ಯುತ್ ಕೆಲಸಗಾರನಿಂದಲೇ ಪರೀಕ್ಷಿಸಬೇಕು.

ಎರಡನೆಯದು ನೀರು. ನೀರಿನ ಹರಿವು ನಿಂತರೆ ಕೊಳವೆ ಕಾದು ಬಿರಿಯುತ್ತದೆ. ಹರಿವು ನಿಂತೊಡನೆ ಕಿರಣವನ್ನೂ ನಿಲ್ಲಿಸುವ ಸ್ವಿಚ್ಚೊಂದನ್ನು ಜೋಡಿಸುವುದು ಅಲ್ಪ ವೆಚ್ಚದ ದೊಡ್ಡ ಲಾಭ. ಬಟ್ಟಿಯಿಳಿಸಿದ ನೀರನ್ನೇ ಬಳಸಬೇಕು. ಮೂರನೆಯದು ಮುಚ್ಚಳದ ಸ್ವಿಚ್ಚು: ಮುಚ್ಚಳ ತೆರೆದರೆ ಕಿರಣ ಆರಬೇಕು. ಎಷ್ಟೋ ಅಗ್ಗದ ಯಂತ್ರಗಳಲ್ಲಿ ಇದು ಇರುವುದೇ ಇಲ್ಲ!

ನಾಲ್ಕನೆಯದು ಗಾಳಿ. ಮಸೂರದ ಬಳಿಯಿಂದ ಗಾಳಿಯನ್ನು ಊದುವ ಸಣ್ಣ ಪಂಪು ಜ್ವಾಲೆಯನ್ನು ಅಡಗಿಸಿ, ಮಸೂರಕ್ಕೆ ಮಸಿ ಕೂರದಂತೆ ಕಾಯುತ್ತದೆ; ಕತ್ತರಿಸಿದ ಅಂಚೂ ಶುಭ್ರವಾಗಿರುತ್ತದೆ. ಹೊಗೆಯನ್ನು ಬಲವಾದ ಫ್ಯಾನಿನಿಂದ ಮನೆಯ ಹೊರಕ್ಕೆ ಕಳುಹಿಸಬೇಕು. ನೆರೆಮನೆಯ ಕಿಟಕಿಗೆ ಮಾತ್ರ ಅಲ್ಲ.

ಕಣ್ಣೂ ಉಸಿರೂ

ಕೆ-40ರ ಕಿರಣದ ತರಂಗದೂರ 10.6 ಮೈಕ್ರೊಮೀಟರ್, ಅದು ಕಣ್ಣಿನ ಹೊರಪಾರದರ್ಶಕ ಪಟಲವನ್ನು ಸುಡುತ್ತದೆ. ಈಚೆಗೆ ಬಹಳವಾಗಿ ಮಾರಾಟವಾಗುವ ಡಯೋಡ್ ಯಂತ್ರಗಳ ನೀಲಿ ಕಿರಣವು ಇನ್ನೂ ಒಳಹೊಕ್ಕು ಅಕ್ಷಿಪಟಲಕ್ಕೇ ಗಾಯ ಮಾಡಬಲ್ಲದು. ಮೊದಲನೆಯದನ್ನು ತಡೆಯುವ ನಿರ್ಮಲ ಅಕ್ರಿಲಿಕ್ ಹಾಳೆ ಎರಡನೆಯದನ್ನು ತಡೆಯದು. ಆಯಾ ತರಂಗದೂರಕ್ಕೆ ತಕ್ಕ ಕನ್ನಡಕವೇ ಬೇಕು. ತಂಪು ಕನ್ನಡಕದಿಂದ ಪ್ರಯೋಜನವಿಲ್ಲ.

ಪಿ.ವಿ.ಸಿ. ವಸ್ತುಗಳನ್ನು ಎಂದಿಗೂ ಕತ್ತರಿಸಬಾರದು. ಅದರ ಹೊಗೆಯಲ್ಲಿರುವ ಹೈಡ್ರೋಜನ್ ಕ್ಲೋರೈಡ್ ಶ್ವಾಸಕೋಶವನ್ನು ಸುಡುವುದಲ್ಲದೆ ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ. ಚರ್ಮದಂತೆಯೇ ತೋರುವ ರೆಕ್ಸಿನ್ನಿನಲ್ಲಿಯೂ ಪಿ.ವಿ.ಸಿ. ಅಡಗಿರಬಹುದು. ಸಂದೇಹವಿದ್ದರೆ ಬಯಲಿನಲ್ಲಿ, ಕಾಯಿಸಿದ ತಾಮ್ರದ ತಂತಿಯನ್ನು ವಸ್ತುವಿಗೆ ತಗುಲಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಆ ವಸ್ತು ಯಂತ್ರಕ್ಕೆ ನಿಷಿದ್ಧ.

ಮರ, ರಟ್ಟು, ಅಕ್ರಿಲಿಕ್ಕುಗಳು ಕತ್ತರಿಸಲು ಯೋಗ್ಯವಾದರೂ ಕ್ಷಣದಲ್ಲಿ ಹೊತ್ತಿಕೊಳ್ಳಬಲ್ಲವು. ಒಲೆಯ ಮೇಲೆ ಹಾಲಿಟ್ಟು ಹರಟೆಗೆ ಹೋಗುವವರುಂಟೆ? ಯಂತ್ರ ನಡೆಯುತ್ತಿರುವಷ್ಟು ಹೊತ್ತೂ ಒಬ್ಬರು ಅದರ ಬಳಿಯಲ್ಲಿರಬೇಕು, ಅಗ್ನಿಶಾಮಕವು ಕೈಗೆಟಕುವಂತಿರಬೇಕು, ಕೀಲಿಕೈ ಮಕ್ಕಳಿಗೆ ಎಟಕದಂತಿರಬೇಕು. ಇಷ್ಟು ನಿಯಮಗಳನ್ನು ಪಾಲಿಸುವ ಮನೆಯಲ್ಲಿ ಆ ಕಾಣದ ಕಿರಣವು ದೀಪದ ಗೂಡನ್ನೋ ಮಕ್ಕಳ ಆಟಿಕೆಯನ್ನೋ ಕೊರೆದು ಕೊಡುತ್ತ ನಂಬಿಗಸ್ತ ಸೇವಕನಾಗಿ ಬಾಳುವುದು.