ಗಣಿತದ ಮಾತ್ರೆ ಮಾಡಿದ್ದು, ಮಾಡದೆ ಉಳಿಸಿದ್ದು

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ, 1930ರ ದಶಕದಲ್ಲಿ, ತಲೆನೋವಿಗೆಂದು ಕೊಟ್ಟ ಮದ್ದು ಗಣಿತಕ್ಕೆ ಫಲಿಸಿತು. ಅಲ್ಲಿನ ಎಮ್ಮಾ ಪೆಂಡಲ್ಟನ್ ಬ್ರ್ಯಾಡ್ಲಿ ಹೋಮ್‌ನಲ್ಲಿ ವರ್ತನೆಯ ತೊಂದರೆ ಇರುವ ಮಕ್ಕಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಮಿದುಳಿನ ಎಕ್ಸ್‌ರೇ ತೆಗೆಯಲು ಆಗ ಬೆನ್ನಿನಿಂದ ದ್ರವ ತೆಗೆದು ಗಾಳಿ ತುಂಬುತ್ತಿದ್ದರು. ಅದರಿಂದ ಬರುವ ವಿಪರೀತ ತಲೆನೋವಿಗೆ ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ನೋವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದರೆ 30 ಮಕ್ಕಳಲ್ಲಿ 14 ಮಂದಿಯ ಶಾಲೆಯ ಕೆಲಸ ಬೆರಗಾಗುವಷ್ಟು ಸುಧಾರಿಸಿತು. ಮಕ್ಕಳೇ ಅದನ್ನು ‘ಗಣಿತದ ಮಾತ್ರೆ’ ಎಂದು ಕರೆದರು. 1937ರಲ್ಲಿ ಬ್ರ್ಯಾಡ್ಲಿ ಇದನ್ನು ಪ್ರಕಟಿಸಿದರು.

ಕೂತಲ್ಲಿ ಕೂರದ ಮಗುವಿಗೆ ಉತ್ತೇಜಕ ಕೊಟ್ಟರೆ ಅದು ಶಾಂತವಾಗುವುದು ಹೇಗೆ? ಹಣೆಯ ಹಿಂಭಾಗದ ಮಿದುಳು ಯಾವುದಕ್ಕೆ ಗಮನ ಕೊಡಬೇಕು, ಯಾವ ಆಸೆಯನ್ನು ತಡೆಹಿಡಿಯಬೇಕು ಎಂಬುದನ್ನು ನೋಡಿಕೊಳ್ಳುತ್ತದೆ. ಆ ಕೆಲಸಕ್ಕೆ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಹದವಾಗಿ ಬೇಕು. ನರಕೋಶಗಳು ಇವನ್ನು ಬಿಡುಗಡೆ ಮಾಡಿ, ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತವೆ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಉತ್ತೇಜಕ ಮೀಥೈಲ್‌ಫೆನಿಡೇಟ್, ಹಾಗೆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಆಗ ಅವು ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತವೆ. ಮಿದುಳಿನ ಹಿಡಿತ ಬಿಗಿಯಾದಂತೆ ಮೈಯ ಚಡಪಡಿಕೆ ತಗ್ಗುತ್ತದೆ.

ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲಿ ಈ ಹಿಡಿತ ತಡವಾಗಿ ಬೆಳೆಯುತ್ತದೆ. ಫಿಲಿಪ್ ಶಾ ಮತ್ತು ಸಂಗಡಿಗರು 2007ರಲ್ಲಿ ಎಡಿಎಚ್‌ಡಿ ಇರುವ 223 ಮಕ್ಕಳ ಮಿದುಳನ್ನು ಅಷ್ಟೇ ಸಂಖ್ಯೆಯ ಇತರ ಮಕ್ಕಳ ಮಿದುಳಿನೊಂದಿಗೆ ಹೋಲಿಸಿದರು. ಮಿದುಳಿನ ಹೊರಪದರದ ಅರ್ಧಭಾಗ ಗರಿಷ್ಠ ದಪ್ಪ ತಲುಪುವ ವಯಸ್ಸು ಇತರರಲ್ಲಿ ಸುಮಾರು ಏಳೂವರೆ, ಇವರಲ್ಲಿ ಹತ್ತೂವರೆ. ಚಲನೆಯನ್ನು ನಿಯಂತ್ರಿಸುವ ಭಾಗ ಮಾತ್ರ ಇವರಲ್ಲಿ ತುಸು ಮೊದಲೇ ಬಲಿತಿತ್ತು. ಇಂಥ ಮಗುವನ್ನು ಸೋಮಾರಿ, ಹಠಮಾರಿ ಎಂದು ಬೈಯುವುದು ಅನ್ಯಾಯ. ತಂದೆ–ತಾಯಿಯ ಸಾಕಣೆಯನ್ನು ದೂರುವುದೂ ಸಲ್ಲ. ಈ ತೊಂದರೆಯಲ್ಲಿ ಆನುವಂಶಿಕತೆಯ ಪಾಲು ಸುಮಾರು ಮುಕ್ಕಾಲು ಭಾಗದಷ್ಟಿದೆ.

ವಯಸ್ಸಾದಂತೆ ತೊಂದರೆ ವೇಷ ಬದಲಿಸುತ್ತದೆ. ಎರಡನೇ ತರಗತಿಯಲ್ಲಿ ಬೆಂಚಿನಿಂದ ಬೆಂಚಿಗೆ ಜಿಗಿಯುತ್ತಿದ್ದವನು ಪಿಯುಸಿಗೆ ಬಂದಾಗ ಸುಮ್ಮನೆ ಕೂತಿರುತ್ತಾನೆ, ಓಟವೆಲ್ಲ ತಲೆಯೊಳಗೆ. ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಪುಸ್ತಕ ತೆರೆಯುವುದಿಲ್ಲ, ಹಾಲ್ ಟಿಕೆಟ್ ಎಲ್ಲಿಟ್ಟೆನೋ ನೆನಪಿರುವುದಿಲ್ಲ. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯರಂತೂ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಅನೇಕರಲ್ಲಿ ಲಕ್ಷಣಗಳು ದೊಡ್ಡವರಾದ ಮೇಲೂ ಉಳಿಯುತ್ತವೆ.

ಹಾಗಾದರೆ ಮಾತ್ರೆ ಎಲ್ಲಿಯವರೆಗೆ ಕೈಹಿಡಿಯುತ್ತದೆ? ಅಮೆರಿಕದ ಎಂಟಿಎ ಅಧ್ಯಯನ ಇದನ್ನೇ ಕೇಳಿತು. 579 ಮಕ್ಕಳನ್ನು ಗುಂಪುಗಳಾಗಿಸಿ ಕೆಲವರಿಗೆ ಮಾತ್ರೆ, ಕೆಲವರಿಗೆ ವರ್ತನಾ ಚಿಕಿತ್ಸೆ, ಕೆಲವರಿಗೆ ಎರಡೂ ಕೊಟ್ಟರು. ಉಳಿದವರು ಊರಿನಲ್ಲಿ ಸಿಗುವ ಮಾಮೂಲಿ ಚಿಕಿತ್ಸೆ ಪಡೆದರು. 14 ತಿಂಗಳಾದಾಗ ಮುಖ್ಯ ಲಕ್ಷಣಗಳ ಮಟ್ಟಿಗೆ ಮಾತ್ರೆ ಪಡೆದ ಎರಡೂ ಗುಂಪುಗಳು ಮುಂದಿದ್ದವು. ಮೂರು ವರ್ಷಕ್ಕೆ ಗುಂಪುಗಳ ನಡುವಿನ ಅಂತರವೇ ಅಳಿಸಿಹೋಗಿತ್ತು. ಅಷ್ಟರಲ್ಲಿ ಅಧ್ಯಯನದ ಬಿಗಿ ಉಸ್ತುವಾರಿ ಮುಗಿದು, ಯಾರು ಯಾವ ಚಿಕಿತ್ಸೆ ಪಡೆಯಬೇಕೆಂಬುದು ಮನೆಯವರಿಗೇ ಬಿಟ್ಟದ್ದಾಗಿತ್ತು.

ಸಾಮಾನ್ಯ ಮೀಥೈಲ್‌ಫೆನಿಡೇಟ್ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಆ ಹೊತ್ತಿನಲ್ಲಿ ಕಲಿಯಲು ಮನಸ್ಸು ನಿಲ್ಲುತ್ತದೆ; ಏನು ಕಲಿಯಬೇಕೆಂಬುದನ್ನು ಮನೆ, ಶಾಲೆಗಳೇ ಒದಗಿಸಬೇಕು. ದೊಡ್ಡ ಕೆಲಸವನ್ನು ಚಿಕ್ಕ ತುಂಡುಗಳಾಗಿ ಒಡೆಯುವುದು, ಒಂದು ಸಲಕ್ಕೆ ಒಂದೇ ಸೂಚನೆ, ಸರಿ ಮಾಡಿದ ತಕ್ಷಣ ಮೆಚ್ಚುಗೆ, ಮುಂದಿನ ಬೆಂಚು, ಕಣ್ಣಿಗೆ ಬೀಳುವ ವೇಳಾಪಟ್ಟಿ—ವರ್ತನಾ ಚಿಕಿತ್ಸೆಯ ತಿರುಳು ಇದೇ. ಮಾತ್ರೆಯಿಂದ ಹಸಿವು, ನಿದ್ದೆ ಕಡಿಮೆಯಾಗಬಹುದು. ಆದ್ದರಿಂದ ವೈದ್ಯರು ಎತ್ತರ, ತೂಕ, ರಕ್ತದೊತ್ತಡವನ್ನು ಆಗಾಗ ನೋಡುತ್ತಾರೆ. ಉತ್ತೇಜಕ ಒಗ್ಗದವರಿಗೆ ಅಟೊಮೊಕ್ಸೆಟಿನ್ ಇದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವಿದೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಯೂ ಸಲಹೆ ಪಡೆಯಬಹುದು. ಆದರೆ ಒಮ್ಮೆ ತೋರಿಸಿ ಬಂದರೆ ಮುಗಿಯಿತು ಎನ್ನುವಂತಿಲ್ಲ. ಎಂಟರ ಮಗುವಿಗೆ ಬರೆದ ಚೀಟಿ ಹದಿನಾರಕ್ಕೆ ಹೊಂದದು. ಪ್ರೌಢಶಾಲೆಗೆ ಬಂದ ಮಕ್ಕಳನ್ನು ವೈದ್ಯರ ಮುಂದೆ ಕೂರಿಸಿ ಅವರ ಅನುಭವವನ್ನು ಅವರ ಬಾಯಿಂದಲೇ ಕೇಳಬೇಕು. ಮುಂದೆ ಮಾತ್ರೆ ಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವ ಜವಾಬ್ದಾರಿ ಒಂದು ದಿನ ಅವರದೇ ಆಗುತ್ತದೆ.