ವಯಸ್ಸಾದ ಮೈಗೆ ದಿನದ ಆರೈಕೆ



ಅರವತ್ತು ದಾಟಿದವರು ಆಸ್ಪತ್ರೆಗೆ ಬಂದಾಗ ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಸಿಸ್ಟರ್, ಸ್ನಾನ ಮಾಡಿ ಬಂದ ಅರ್ಧ ಗಂಟೆಗೆ ಮೈಯೆಲ್ಲ ಕಡಿತ. ರಾತ್ರಿ ನಿದ್ದೆಯಿಲ್ಲ. ನೋಡಿದರೆ ಮೈಮೇಲೆ ಏನೂ ಕಾಣಿಸುವುದಿಲ್ಲ." ಕೆಲವರು ರಕ್ತ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಲವರು ನಂಜು ಎಂದು ಬದನೆಕಾಯಿ ಬಿಡುತ್ತಾರೆ. ಇನ್ನು ಕೆಲವರು ಇನ್ನಷ್ಟು ಬಿಸಿನೀರು, ಇನ್ನಷ್ಟು ಸೋಪು ಹಾಕಿ ತಿಕ್ಕುತ್ತಾರೆ. ಹೆಚ್ಚಿನವರಲ್ಲಿ ಕಾರಣ ಸರಳವಾಗಿರುತ್ತದೆ: ಚರ್ಮ ಒಣಗಿದೆ. ಇದಕ್ಕೆ ಬೇಕಾದ ಆರೈಕೆಯೂ ಸರಳ, ಖರ್ಚೂ ಕಡಿಮೆ. ಆದರೆ ಅಲಕ್ಷ್ಯ ಮಾಡಿದರೆ ಒಣಗಿದ ಚರ್ಮ ಒಡೆಯುತ್ತದೆ. ಒಡೆದ ಜಾಗದಿಂದ ಸೋಂಕು ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಹಿಮ್ಮಡಿಯ ಒಂದು ಸಣ್ಣ ಒಡಕೇ ಕಾಲು ಕಳೆದುಕೊಳ್ಳುವ ತನಕ ಹೋಗಬಹುದು. ಆದ್ದರಿಂದ ಚರ್ಮ ಒಡೆಯುವ ಮೊದಲೇ ಅದನ್ನು ಕಾಯುವುದು ಜಾಣತನ.

ಚರ್ಮಕ್ಕೆ ವಯಸ್ಸಾಗುವುದು ಹೇಗೆ?

ಚರ್ಮದ ಹೊರಪದರವನ್ನು ಕಲ್ಲು ಗಾರೆಯ ಗೋಡೆಗೆ ಹೋಲಿಸಬಹುದು. ಜೀವಕೋಶಗಳು ಕಲ್ಲು, ಅವುಗಳ ನಡುವಿನ ಜಿಡ್ಡು ಗಾರೆ. ಈ ಗೋಡೆ ಗಟ್ಟಿಯಾಗಿದ್ದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಹೊರಗಿನ ಧೂಳು, ರೋಗಾಣು ಒಳಗೆ ಬರುವುದಿಲ್ಲ. ವಯಸ್ಸಾದಂತೆ ಜಿಡ್ಡು ಮತ್ತು ಬೆವರಿನ ಗ್ರಂಥಿಗಳ ಕೆಲಸ ಕಡಿಮೆಯಾಗುತ್ತದೆ. ಮುಟ್ಟು ನಿಂತ ನಂತರ ಹೆಣ್ಣುಮಕ್ಕಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಚರ್ಮ ತೆಳುವಾಗುತ್ತದೆ, ಅದರ ಅಡಿಯ ಕೊಬ್ಬೂ ಕರಗುತ್ತದೆ. ಬಾಗಿಲಿಗೆ ಕೈ ತಾಗಿದರೂ ನೇರಳೆ ಬಣ್ಣದ ಕಲೆ ಬೀಳುತ್ತದೆ. ಗಾಯ ಮಾಯಲು ಹೆಚ್ಚು ದಿನ ಬೇಕಾಗುತ್ತದೆ.

ನಮ್ಮ ಸೀಮೆಯ ಗಾಳಿ ಮತ್ತು ನೀರು

ನಮ್ಮದು ಒಣ ಹವೆಯ ಜಿಲ್ಲೆ. ಹಿರಿಯೂರು, ಚಳ್ಳಕೆರೆ ಕಡೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುತ್ತದೆ. ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಆಷಾಢದ ಅದೇ ಗಾಳಿ ನಮ್ಮ ಮೈಯ ತೇವವನ್ನೂ ಹೀರುತ್ತದೆ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ತೊಂದರೆ ಇನ್ನೂ ಹೆಚ್ಚು.

ಅನೇಕ ಊರುಗಳಲ್ಲಿ ಸ್ನಾನಕ್ಕೆ ಬಳಸುವುದು ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಸೋಪು ನೊರೆ ಬರುವುದಿಲ್ಲವೆಂದು ನಾವು ಮತ್ತೆ ಮತ್ತೆ ತಿಕ್ಕುತ್ತೇವೆ. ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಜಿಗುಟೇ ಮೈಮೇಲೂ ಉಳಿದು ಚರ್ಮವನ್ನು ಒಣಗಿಸುತ್ತದೆ. ಆದ್ದರಿಂದ ಸೋಪು ಕಡಿಮೆ ಬಳಸಿ, ನೀರು ಚೆನ್ನಾಗಿ ಹಾಕಿ ತೊಳೆದುಕೊಳ್ಳಿ. ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಎರಡು ಚೊಂಬು ಅದನ್ನೇ ಹಾಕಿಕೊಳ್ಳಿ.

ಸ್ನಾನದ ಕ್ರಮ

1. ಹಂಡೆಯ ಸುಡುನೀರು ಆ ಹೊತ್ತಿಗೆ ಹಿತವೆನಿಸಿದರೂ ಇರುವ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಸ್ನಾನ ಹತ್ತು ನಿಮಿಷದೊಳಗೆ ಮುಗಿಯಲಿ.
2. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಇರಲಿ. ಕೈಕಾಲು, ಬೆನ್ನಿಗೆ ದಿನವೂ ಬೇಡ. ಕಡಲೆಹಿಟ್ಟು, ಹೆಸರುಹಿಟ್ಟು ಒಗ್ಗುವವರು ಮೆದುವಾಗಿ ಹಚ್ಚಿ ತೊಳೆಯಬಹುದು.
3. ಕಲ್ಲು, ನಾರು, ಪ್ಲಾಸ್ಟಿಕ್ ಬ್ರಷ್‌ನಿಂದ ಮೈ ಉಜ್ಜಬೇಡಿ. ಸ್ನಾನದ ನೀರಿಗೆ ಕ್ರಿಮಿನಾಶಕ ದ್ರಾವಣ ಬೆರೆಸಬೇಡಿ.
4. ಮೆತ್ತನೆಯ ಟವೆಲ್ಲಿನಿಂದ ಒತ್ತಿ ಒರೆಸಿ, ತಿಕ್ಕಿ ಒರೆಸಬೇಡಿ. ಬೆರಳ ಸಂದು, ಹೊಟ್ಟೆಯ ಮಡಿಕೆ, ಸ್ತನದ ಕೆಳಭಾಗ ಪೂರ್ತಿ ಒಣಗಲಿ. ಅಲ್ಲಿ ತೇವ ನಿಂತರೆ ಶಿಲೀಂಧ್ರದ ಸೋಂಕು ಬರುತ್ತದೆ.

ಎಣ್ಣೆ ಯಾವಾಗ ಹಚ್ಚಬೇಕು?

ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚುವುದು ನಮ್ಮ ಹಳೆಯ ರೂಢಿ. ಅದು ತಪ್ಪಲ್ಲ. ಆದರೆ ಸೀಗೆಪುಡಿಯೋ ಸೋಪೋ ಹಾಕಿ ಅದನ್ನೆಲ್ಲ ತೊಳೆದ ಮೇಲೆ ಮೈಮೇಲೆ ಉಳಿಯುವುದು ಬಹಳ ಕಡಿಮೆ. ಒಣ ಚರ್ಮದವರು ಸ್ನಾನದ ನಂತರವೂ ಹಚ್ಚಬೇಕು. ನೀರು ಒರೆಸಿದ ಕೂಡಲೇ, ಮೈ ಸ್ವಲ್ಪ ಹಸಿಯಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ ತೆಳುವಾಗಿ ಸವರಿ. ಹಾಗೆ ಮಾಡಿದರೆ ಚರ್ಮದೊಳಗಿನ ನೀರು ಅಲ್ಲೇ ನಿಲ್ಲುತ್ತದೆ. ಮನೆಯ ಕೊಬ್ಬರಿ ಎಣ್ಣೆ ಸಾಕು. ಬಿಳಿ ಪೆಟ್ರೋಲಿಯಂ ಜೆಲ್ಲಿ ಇನ್ನೂ ಹೆಚ್ಚು ಹೊತ್ತು ತೇವ ಹಿಡಿಯುತ್ತದೆ. ದುಬಾರಿ ಕ್ರೀಮು ಬೇಕೇ ಬೇಕೆಂದಿಲ್ಲ. ಮಲಗುವ ಮುನ್ನ ಮೊಣಕಾಲಿನ ಕೆಳಗೆ ಇನ್ನೊಮ್ಮೆ ಹಚ್ಚಿ, ಮೊದಲು ಒಣಗುವುದು ಆ ಭಾಗವೇ. ಅಂಗಾಲಿಗೆ ಹಚ್ಚಿದರೆ ಕಾಲುಚೀಲ ಹಾಕಿ, ಕೂತಲ್ಲಿಂದ ಏಳುವಾಗ ಜೋಪಾನ. ಎಣ್ಣೆಗಾಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವುದು ಬೇಡ.

ಚಳಿಗೆ ಕುರಿ ಕಂಬಳಿ ಹೊದೆಯುವವರು ಒಳಗೆ ಹತ್ತಿಯ ಪಂಚೆ ಅಥವಾ ಹಳೆಯ ಸೀರೆ ಹೊದ್ದುಕೊಳ್ಳಿ. ಉಣ್ಣೆ ನೇರವಾಗಿ ತಾಗಿದರೆ ಕಡಿತ ಹೆಚ್ಚುತ್ತದೆ.

ಬಿಸಿಲು ಮತ್ತು ಹೊಲದ ಕೆಲಸ

ಮುಖ, ಕತ್ತು, ಮುಂಗೈಯ ಚರ್ಮ ಬೇಗ ಸುಕ್ಕಾಗುತ್ತದೆ. ಬಟ್ಟೆಯ ಒಳಗಿರುವ ಹೊಟ್ಟೆಯ ಚರ್ಮ ಅದೇ ವಯಸ್ಸಿನದಾದರೂ ನಯವಾಗಿರುತ್ತದೆ. ವ್ಯತ್ಯಾಸ ಬಿಸಿಲಿನದು. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಸಾಧ್ಯವಾದಷ್ಟು ನೆರಳಿನಲ್ಲಿರಿ. ತುಂಬುತೋಳಿನ ಅಂಗಿ, ತಲೆಗೆ ರುಮಾಲು, ಕೊಡೆ ಇವೇ ಮೊದಲ ರಕ್ಷಣೆ. ಕೊಳ್ಳಲು ಅನುಕೂಲವಿದ್ದವರು ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬಹುದು. ಬೀಡಿ, ಸಿಗರೇಟು ಕೂಡ ಚರ್ಮವನ್ನು ಬೇಗ ಮುಪ್ಪಾಗಿಸುತ್ತವೆ.

ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಕೆಲವರಿಗೆ ಒಗ್ಗುವುದಿಲ್ಲ. ಕಣ್ಣುರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದು, ಚರ್ಮ ಕಪ್ಪಾಗಿ ದಪ್ಪವಾಗುತ್ತದೆ. ಅಂಥವರು ಅದನ್ನು ಬರಿಗೈಲಿ ಕೀಳಬಾರದು, ಸುಡುವಾಗ ಹತ್ತಿರ ನಿಲ್ಲಬಾರದು. ಹೊಲದಿಂದ ಬಂದ ಕೂಡಲೇ ಮುಖ ಕೈಕಾಲು ತೊಳೆದು ಬಟ್ಟೆ ಬದಲಿಸಿ. ಹೊಳಲ್ಕೆರೆ, ಹೊಸದುರ್ಗ ಕಡೆ ಅಡಿಕೆ ಸುಲಿಯುವ ತಾಯಂದಿರು ಚೊಗರಿನಿಂದ ಬೆರಳು ಒಡೆಯದಂತೆ ಕೆಲಸಕ್ಕೆ ಮೊದಲು ಎಣ್ಣೆ ಹಚ್ಚಿ, ಕೆಲಸ ಮುಗಿದ ಮೇಲೆ ಕೈ ತೊಳೆದು ಮತ್ತೆ ಹಚ್ಚಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರ ಪಾದ

ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶ ಕಡಿಮೆಯಾಗಬಹುದು. ಮುಳ್ಳು ಚುಚ್ಚಿದರೂ, ಚಪ್ಪಲಿ ಕಚ್ಚಿದರೂ ನೋವು ಗೊತ್ತಾಗುವುದಿಲ್ಲ. ನೋವಿಲ್ಲವೆಂದರೆ ಗಾಯವಿಲ್ಲ ಎಂದಲ್ಲ. ಆದ್ದರಿಂದ ಪ್ರತಿ ರಾತ್ರಿ ಕಣ್ಣಿನಿಂದಲೇ ನೋಡಬೇಕು.

- ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ, ಅಥವಾ ಮೊಮ್ಮಕ್ಕಳಿಗೆ ಹೇಳಿ. ದೃಷ್ಟಿ ಮಂದವಿದ್ದವರ ಪಾದವನ್ನು ಮನೆಯವರೇ ನೋಡಬೇಕು.
- ಪಾದಕ್ಕೆ ಎಣ್ಣೆ ಹಚ್ಚಿ, ಬೆರಳ ಸಂದಿಗೆ ಬೇಡ.
- ಒಡೆದ ಹಿಮ್ಮಡಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಆಣಿಗೆ ಸುಣ್ಣ, ಆಸಿಡ್ ಹಾಕಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ.
- ಕಾಲಿಗೆ ಬಿಸಿನೀರಿನ ಚೀಲ, ಕೆಂಡದ ಶಾಖ ಬೇಡ. ಸ್ನಾನದ ನೀರಿನ ಬಿಸಿಯನ್ನು ಮನೆಯವರು ಮೊಣಕೈ ಅದ್ದಿ ನೋಡಲಿ.
- ಬರಿಗಾಲಲ್ಲಿ ನಡೆಯಬೇಡಿ. ನಾಯಕನಹಟ್ಟಿ ಜಾತ್ರೆ ಬರುವುದು ಬಿಸಿಲು ಏರುವ ಮಾರ್ಚ್ ತಿಂಗಳ ಸುಮಾರಿಗೆ. ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ನಿಂತು ಅಂಗಾಲು ಬೊಬ್ಬೆ ಎದ್ದರೂ ಸ್ಪರ್ಶವಿಲ್ಲದವರಿಗೆ ತಿಳಿಯುವುದಿಲ್ಲ. ದರ್ಶನಕ್ಕೆ ಬೆಳಗಿನ ಜಾವ ಹೋಗಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ.

ಹಾಸಿಗೆ ಹಿಡಿದವರ ಮೈ

ಲಕ್ವ ಹೊಡೆದವರು, ಸೊಂಟ ಮುರಿದವರು ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಮೂಳೆ ಒತ್ತುವ ಜಾಗಕ್ಕೆ ರಕ್ತ ಹೋಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಹುಣ್ಣಿಗೆ ದಾರಿಯಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ದಿನವೂ ನೋಡಿ. ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ. ಕೆಂಪು ಹಾಗೆಯೇ ಇದ್ದರೆ ಅದು ಹುಣ್ಣಿನ ಮೊದಲ ಹೆಜ್ಜೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದು, ಅಲ್ಲಿ ಬಿಸಿ, ಗಡಸು ಅಥವಾ ನೋವು ಇದೆಯೇ ಮುಟ್ಟಿ ನೋಡಿ. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ, ನಮಗೆ ತಿಳಿಸಿ. ರೋಗಿಯನ್ನು ಎಳೆಯಬೇಡಿ, ಇಬ್ಬರು ಸೇರಿ ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಿ. ಮಲಮೂತ್ರವಾದ ಕೂಡಲೇ ಶುಚಿ ಮಾಡಿ ಒಣಗಿಸಿ.

ಅಂಗಡಿಯ ಮುಲಾಮು ಬೇಡ

ತುರಿಕೆಗೆಂದು ಔಷಧಿ ಅಂಗಡಿಯಲ್ಲಿ ಕೇಳಿ ತರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಬೀಟಾಮೆಥಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂಬ ಹೆಸರು ಇದೆಯೇ ಓದಿಸಿ ನೋಡಿ. ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಇವು ಒಳ್ಳೆಯ ಔಷಧಗಳೇ. ತಾವಾಗಿಯೇ ತಿಂಗಳುಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಕಾಗದದಂತಾಗುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ತಗ್ಗಿದಂತೆ ಕಂಡು ಸೋಂಕು ಹಬ್ಬುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ಆದೇಶಿಸಿದೆ. ಮನೆಯಲ್ಲಿ ಇನ್ನೊಬ್ಬರಿಗೆ ಬರೆದುಕೊಟ್ಟ ಟ್ಯೂಬನ್ನೂ ಹಚ್ಚಬೇಡಿ.

ತಡ ಮಾಡದೆ ತೋರಿಸಿ

- ಎಣ್ಣೆ ಹಚ್ಚಿ ಎರಡು ವಾರವಾದರೂ ನಿಲ್ಲದ ಕಡಿತ. ಮೂತ್ರಪಿಂಡ, ಲಿವರ್, ಥೈರಾಯ್ಡ್ ತೊಂದರೆಯಲ್ಲೂ ಮೈ ಕಡಿಯುತ್ತದೆ.
- ಮನೆಮಂದಿಗೆಲ್ಲ ರಾತ್ರಿ ಹೊತ್ತು ತುರಿಕೆ. ಇದು ಕಜ್ಜಿ ಇರಬಹುದು, ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಬೇಕು.
- ಮುಟ್ಟಿದರೆ ತಿಳಿಯದ ಬಿಳಿಚಿದ ಅಥವಾ ಕೆಂಪು ಮಚ್ಚೆ. ಕುಷ್ಠವು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು 2005ರ ಡಿಸೆಂಬರಿನಲ್ಲಿ ದೇಶದ ಮಟ್ಟದಲ್ಲಿ ಘೋಷಣೆಯಾಯಿತು. ಆದರೂ ಹೊಸ ರೋಗಿಗಳು ಸಿಗುತ್ತಲೇ ಇದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. 6ರಿಂದ 12 ತಿಂಗಳ ಮಾತ್ರೆಯಿಂದ ಗುಣವಾಗುತ್ತದೆ, ಮುಚ್ಚಿಡಬೇಡಿ.
- ನಾಲ್ಕು ವಾರವಾದರೂ ಮಾಯದ ಹುಣ್ಣು, ಬೆಳೆಯುವ ಅಥವಾ ರಕ್ತ ಒಸರುವ ಮಚ್ಚೆ.
- ಸಕ್ಕರೆ ಕಾಯಿಲೆ ಇರುವವರ ಪಾದದಲ್ಲಿ ಯಾವುದೇ ಗಾಯ, ಬೊಬ್ಬೆ, ಕಪ್ಪು ಬಣ್ಣ. ಇದಕ್ಕೆ ಮಾತ್ರ ಒಂದು ದಿನವೂ ಕಾಯಬೇಡಿ.

ಬಂಧುಗಳೇ, ಹಿರಿಯರು ಎಷ್ಟೋ ಸಲ "ವಯಸ್ಸಾಯ್ತು, ಇದೆಲ್ಲ ಇದ್ದದ್ದೇ" ಎಂದು ಸುಮ್ಮನಾಗುತ್ತಾರೆ. ಬೆನ್ನಿಗೆ ತಮ್ಮ ಕೈ ಎಟುಕುವುದಿಲ್ಲ, ಪಾದ ತಮಗೆ ಕಾಣುವುದಿಲ್ಲ, ಕೇಳಲು ಸಂಕೋಚ. ಇಂದು ರಾತ್ರಿ ಊಟವಾದ ಮೇಲೆ ಅವರ ಪಕ್ಕ ಕುಳಿತು, ಕಾಲಿಗೆ ಸ್ವಲ್ಪ ಎಣ್ಣೆ ಸವರಿ, ಅಂಗಾಲು ತಿರುಗಿಸಿ ನೋಡಿ. ಐದು ನಿಮಿಷದ ಕೆಲಸ. ಏನಾದರೂ ಕಂಡರೆ ಬೆಳಿಗ್ಗೆಯೇ ಕರೆದುಕೊಂಡು ಬನ್ನಿ.