ಆರು ಗೆರೆಯ ಓಟಗಾರ

ಫ್ಲೋರಿಡಾದ ಮರಳು ನೆಲ. ಒಣಹುಲ್ಲಿನ ನಡುವೆ ಏನೋ ಸರಕ್ಕನೆ ಹಾದುಹೋಯಿತು. ಕ್ಯಾಮೆರಾ ತಿರುಗುವಷ್ಟರಲ್ಲಿ ಜಾಗ ಖಾಲಿ!

ಇದು ಸಿಕ್ಸ್-ಲೈನ್ಡ್ ರೇಸ್‌ರನ್ನರ್ ಎಂಬ ಹಲ್ಲಿ. ಕಂದು ಮೈಮೇಲೆ ಉದ್ದಕ್ಕೂ ಆರು ತಿಳಿ ಗೆರೆ, ಮೈಗಿಂತ ಉದ್ದದ ಚಾಟಿಯಂಥ ಬಾಲ. ಬಾಲ ಸೇರಿಸಿ ಅಳೆದರೂ ಹೆಚ್ಚೆಂದರೆ ಒಂದು ಗೇಣು. ಆದರೆ 1941ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ದಾಖಲಾದ ಇದರ ವೇಗ ಗಂಟೆಗೆ ಸುಮಾರು 29 ಕಿಲೋಮೀಟರ್.

ಬಿಸಿಲಿಲ್ಲದೆ ಈ ಓಟವಿಲ್ಲ. ಮೈ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದಾಗಲೇ ಇದಕ್ಕೆ ಹುರುಪು. ನಮಗಾದರೆ ಅದು ಹಾಸಿಗೆ ಹಿಡಿಸುವ ಜ್ವರ! ಮೋಡ ಮುಸುಕಿದ ದಿನ ಬಿಲದಿಂದ ಹೊರಬರುವುದೇ ಅಪರೂಪ.

ಹೊರಬಂದರೆ ಮಾತ್ರ ಸುಮ್ಮನೆ ಕೂರುವ ಜಾಯಮಾನವಲ್ಲ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ, ನಾಲಗೆ ಚಾಚಿ ವಾಸನೆ ಹಿಡಿಯುತ್ತದೆ, ಮುಂಗಾಲಿನಿಂದ ಮಣ್ಣು ಕೆದಕುತ್ತದೆ. ಮಿಡತೆಯೋ ಜೇಡವೋ ಸಿಕ್ಕರೆ ಗುಳುಂ. ಹಾವು ಬಾಲಕ್ಕೇ ಬಾಯಿ ಹಾಕಿತೇ? ಬಾಲ ಕಳಚಿಕೊಟ್ಟು ಪರಾರಿ. ಅದು ಮತ್ತೆ ಬೆಳೆಯುತ್ತದೆ.

ಇದರ ನೆಂಟ ನ್ಯೂ ಮೆಕ್ಸಿಕೊ ವಿಪ್‌ಟೇಲ್ ಇನ್ನೂ ವಿಚಿತ್ರ. ಆ ಜಾತಿಯಲ್ಲಿ ಗಂಡೇ ಇಲ್ಲ! ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಮೊಟ್ಟೆಯಿಟ್ಟು ವಂಶ ಮುಂದುವರಿಸುತ್ತವೆ. 2003ರಲ್ಲಿ ನ್ಯೂ ಮೆಕ್ಸಿಕೊ ಅದನ್ನೇ ತನ್ನ ರಾಜ್ಯ ಸರೀಸೃಪವಾಗಿ ಆರಿಸಿಕೊಂಡಿತು.